ಮುಳ್ಳು ಹೇಳುವ ಸುಳ್ಳು

ಗಲ್ಫ್‌ನಲ್ಲಿ ಹಳೆಯ ಕಾರು ಕೊಳ್ಳಲು ಹೊರಟ ನಮ್ಮವರು ಮೊದಲು ಪರೀಕ್ಷಿಸುವುದು ಎ.ಸಿ.ಯನ್ನು. ಆಮೇಲೆ ಟಯರು, ಬಣ್ಣ, ಕೊನೆಗೆ ಬೆಲೆಯ ಚೌಕಾಸಿ. ಸ್ಟೀರಿಂಗಿನ ಹಿಂದೆ ಕೂತಿರುವ ಮೀಟರುಗಳನ್ನು ಪರೀಕ್ಷಿಸುವವರು ಕಡಿಮೆ. ಮುಳ್ಳು ಎಲ್ಲಿ ನಿಂತಿದೆಯೋ ಅದೇ ಸತ್ಯ ಎಂದು ನಂಬಿ ಬೀಗದ ಕೈ ತೆಗೆದುಕೊಳ್ಳುತ್ತೇವೆ. ಆದರೆ ಹದಿನೈದು, ಇಪ್ಪತ್ತು ವರ್ಷ ದುಡಿದ ಕಾರಿನಲ್ಲಿ ಎಂಜಿನ್ನಿಗೆ ಏನೂ ಆಗದಿದ್ದರೂ ಮೀಟರು ಸುಳ್ಳು ಹೇಳಬಹುದು. ಎಂಜಿನ್ ಬೇಯುತ್ತಿದ್ದರೂ ಮೀಟರು ತಣ್ಣಗೆ ಕೂತಿರಬಹುದು. ಎರಡನೆಯದು ನಡೆದರೆ ಎರಡು ತಿಂಗಳ ಸಂಬಳ ಗ್ಯಾರೇಜಿಗೆ ಹೋಗುತ್ತದೆ, ಊರಿಗೆ ಕಳಿಸಬೇಕಾದ ಹಣ ನಿಲ್ಲುತ್ತದೆ.

ನಾವು ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡುವವರು, ಮೆಕ್ಯಾನಿಕ್ ಅಲ್ಲ. ಆದರೆ ಅಳತೆಯ ಉಪಕರಣವನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ ನಮಗೆ ದಿನನಿತ್ಯದ್ದು. ಲಸಿಕೆ ಇಡುವ ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಪರದೆ 12 ತೋರಿಸಿತೆಂದು ಲಸಿಕೆಯನ್ನೆಲ್ಲ ಒಮ್ಮೆಲೇ ಎಸೆಯುವುದಿಲ್ಲ. ಇನ್ನೊಂದು ಥರ್ಮಾಮೀಟರ್ ಇಟ್ಟು ನೋಡುತ್ತೇವೆ. ಬಾಗಿಲು ತೆರೆದರೂ ಮುಚ್ಚಿದರೂ ಪರದೆ ಅಲ್ಲಾಡದೆ 5 ಎಂದೇ ತೋರಿಸುತ್ತಿದ್ದರೆ ಅದನ್ನೂ ಅನುಮಾನಿಸುತ್ತೇವೆ. ಹಳೆಯ ಕಾರಿನ ಮೀಟರಿಗೂ ಈ ಎರಡು ಅನುಮಾನಗಳೇ ಸಾಕು.

ಈ ವಿದ್ಯೆಯನ್ನು ನಾವು ಕಲಿತದ್ದು ಡೆಟ್ರಾಯಿಟ್ ಬಳಿಯ ಕ್ಯಾಂಟನ್‌ನಲ್ಲಿ, ರಜೆಗೆ ಹೋಗಿದ್ದಾಗ, ಭಾವನ ಗ್ಯಾರೇಜಿನಲ್ಲಿ. ಡೆಟ್ರಾಯಿಟ್ ಮತ್ತು ಶಿಕಾಗೋ ನಮ್ಮ ಓದುಗರಿಗೆ ಹೊಸ ಹೆಸರುಗಳಲ್ಲ. ಅಕ್ಕ ವಿಶ್ವ ಕನ್ನಡ ಸಮ್ಮೇಳನ 2002ರಲ್ಲಿ ಡೆಟ್ರಾಯಿಟ್‌ನಲ್ಲೂ 2008ರಲ್ಲಿ ಶಿಕಾಗೋದಲ್ಲೂ ನಡೆದಿತ್ತು. ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟ, ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ ನಮ್ಮ ಸಂಘದ ಹಾಗೆಯೇ ಹಬ್ಬ, ನಾಟಕ, ಸಂಚಿಕೆ ನಡೆಸುವ ಕೂಟಗಳು. ಆದರೆ ಕಾರಿನ ವಿಷಯಕ್ಕೆ ಬಂದರೆ ಆ ಎರಡು ಊರುಗಳಿಗೂ ನಮಗೂ ಇರುವ ನಂಟು ಇನ್ನೂ ಹತ್ತಿರದ್ದು. ಗಲ್ಫ್ ರಸ್ತೆಯ ಮೇಲೆ ಓಡುವ ಯೂಕಾನ್, ಟಾಹೋ, ಎಕ್ಸ್‌ಪೆಡಿಶನ್‌ಗಳ ತವರು ಡೆಟ್ರಾಯಿಟ್. ಅಲ್ಲಿ ಓಡಿ ಹಳತಾದ ಕಾರುಗಳು ಹಡಗೇರಿ ಶಾರ್ಜಾದ ಹಳೆ ಕಾರು ಮಾರುಕಟ್ಟೆಗೂ ಬರುತ್ತವೆ. ಮೈಲಿ ತೋರಿಸುವ ಸ್ಪೀಡೋಮೀಟರು, ಫ್ಯಾರನ್‌ಹೀಟ್ ತೋರಿಸುವ ಟೆಂಪರೇಚರ್ ಮೀಟರು ಕಂಡರೆ ಅದು ಅಮೆರಿಕದಲ್ಲಿ ಓಡಿದ ಗಾಡಿ ಎಂದೇ ಲೆಕ್ಕ.

ಮೀಟರುಗಳ ತವರೂ ಅದೇ ಸೀಮೆ. ಶಿಕಾಗೋದ ಡೈವರ್ಸಿ ಪಾರ್ಕ್‌ವೇ ರಸ್ತೆಯಲ್ಲಿದ್ದ ಸ್ಟೀವರ್ಟ್-ವಾರ್ನರ್ ಕಾರ್ಖಾನೆ ದಶಕಗಳ ಕಾಲ ಸ್ಪೀಡೋಮೀಟರುಗಳಿಗೆ ಹೆಸರುವಾಸಿ. ಜಾನ್ ಸ್ಟೀವರ್ಟ್‌ನ ಕಂಪನಿಯೂ ವಿಸ್ಕಾನ್ಸಿನ್‌ನ ಬೆಲಾಯಿಟ್‌ನ ವಾರ್ನರ್ ಕಂಪನಿಯೂ 1912ರಲ್ಲಿ ಒಂದಾದವು. 1990ರ ದಶಕದಲ್ಲಿ ಕಾರ್ಖಾನೆ ಬಾಗಿಲು ಹಾಕಿತು; ಆ ಜಾಗದಲ್ಲಿ ಈಗ ಮನೆಗಳಿವೆ. ಮಿಶಿಗನ್‌ನ ಫ್ಲಿಂಟ್‌ನಲ್ಲಿ ಎ.ಸಿ., ಆನ್ ಆರ್ಬರ್‌ನಲ್ಲಿ ಕಿಂಗ್-ಸೀಲಿ ಕಂಪನಿಗಳು ಮೀಟರು ತಯಾರಿಸುತ್ತಿದ್ದವು. ಈ ಚರಿತ್ರೆ ಬರೀ ಅಲಂಕಾರಕ್ಕಲ್ಲ. ಒಬ್ಬೊಬ್ಬರು ಒಂದೊಂದು ಅಳತೆಯ ಪದ್ಧತಿ ಇಟ್ಟುಕೊಂಡಿದ್ದರು. ಅದು ತಿಳಿಯದೆ ಒಂದರ ಬಿಡಿಭಾಗವನ್ನು ಇನ್ನೊಂದಕ್ಕೆ ಹಾಕಿದರೆ ಮುಳ್ಳು ಜನ್ಮದಲ್ಲಿ ಸರಿ ತೋರಿಸುವುದಿಲ್ಲ.

ಪೆಟ್ರೋಲ್ ಮುಳ್ಳು

ಟ್ಯಾಂಕಿನೊಳಗೆ ಒಂದು ತೇಲುವ ಬುರುಡೆ ಇರುತ್ತದೆ. ಅದಕ್ಕೆ ಜೋಡಿಸಿದ ಕಡ್ಡಿ ಮೇಲೆ ಕೆಳಗೆ ಆಡಿದಂತೆ ಒಂದು ತಂತಿಪಟ್ಟಿಯ ಮೇಲೆ ಸರಿದು ವಿದ್ಯುತ್ತಿನ ರೋಧವನ್ನು ಬದಲಿಸುತ್ತದೆ. ಇದನ್ನೇ ಸೆಂಡರ್ ಎನ್ನುವುದು. ಡ್ಯಾಶ್‌ಬೋರ್ಡಿನ ಮೀಟರು ಅಳೆಯುವುದು ಪೆಟ್ರೋಲನ್ನಲ್ಲ, ಈ ರೋಧವನ್ನು.

ಹಳೆಯ ಜಿ.ಎಂ. ಕಾರುಗಳಲ್ಲಿ ಟ್ಯಾಂಕು ಖಾಲಿಯಾದಾಗ 0 ಓಮ್, ತುಂಬಿದಾಗ 90 ಓಮ್. ಹಳೆಯ ಫೋರ್ಡ್‌ಗಳಲ್ಲಿ ಇದರ ತಿರುವುಮುರುವು: ಖಾಲಿಗೆ ಸುಮಾರು 73, ಭರ್ತಿಗೆ ಸುಮಾರು 10. ಸ್ಟೀವರ್ಟ್-ವಾರ್ನರ್ ಮೀಟರಿಗೆ ಖಾಲಿ 240, ಭರ್ತಿ 33. ಹೀಗಾಗಿ ಒಂದೇ ದೋಷ ಒಂದು ಕಾರಿನಲ್ಲಿ ಮುಳ್ಳನ್ನು ಮೇಲೆತ್ತಿದರೆ ಇನ್ನೊಂದರಲ್ಲಿ ಕೆಳಗಿಳಿಸುತ್ತದೆ. ಸೆಂಡರಿನ ವೈರನ್ನು ಬಿಚ್ಚಿ ಕೀಲಿ ಆನ್ ಮಾಡಿದರೆ ಜಿ.ಎಂ. ಮುಳ್ಳು ಭರ್ತಿಯನ್ನೂ ದಾಟಿ ಹೋಗುತ್ತದೆ, ಫೋರ್ಡ್ ಮುಳ್ಳು ಖಾಲಿಗೆ ಬೀಳುತ್ತದೆ. ಅದೇ ವೈರನ್ನು ಕಾರಿನ ಕಬ್ಬಿಣಕ್ಕೆ ತಾಗಿಸಿದರೆ ಜಿ.ಎಂ. ಮುಳ್ಳು ಖಾಲಿಗೆ, ಫೋರ್ಡ್ ಮುಳ್ಳು ಭರ್ತಿಗೆ. ಮುಳ್ಳು ಹೀಗೆ ಎರಡು ತುದಿಗೂ ಓಡಾಡಿದರೆ ಮೀಟರೂ ಅಲ್ಲಿಯವರೆಗಿನ ವೈರೂ ಚೆನ್ನಾಗಿವೆ. ದೋಷ ಸೆಂಡರಿನಲ್ಲಿ ಅಥವಾ ಅದರ ಅರ್ಥ್ ವೈರಿನಲ್ಲಿ. ಓಡಾಡದಿದ್ದರೆ ದೋಷ ಮುಂದೆ, ವೈರಿನಲ್ಲಿ ಅಥವಾ ಮೀಟರಿನಲ್ಲಿ. ಈ ಪರೀಕ್ಷೆಯನ್ನು ಬಯಲಿನಲ್ಲಿ ಮಾಡಬೇಕು, ಪೆಟ್ರೋಲ್ ವಾಸನೆ ಇದ್ದರೆ ಮಾಡಲೇಬಾರದು, ವೈರನ್ನು ಕ್ಷಣಮಾತ್ರ ತಾಗಿಸಬೇಕು. ಕಂಪ್ಯೂಟರಿರುವ ಹೊಸ ಗಾಡಿಗಳಲ್ಲಿ ಇದನ್ನು ಮಾಡದೆ ಸ್ಕ್ಯಾನರ್ ಹಾಕಿಸುವುದೇ ಸರಿ.

ಭಾವನಿಗೆ ಹಳೆಯ ಕಾರಿನ ಹುಚ್ಚು. ಡೆಟ್ರಾಯಿಟ್ ಕಡೆ ಅದು ಊರಿಗೂರೇ ಹಿಡಿದ ಹುಚ್ಚು. ಪ್ರತಿ ಆಗಸ್ಟ್‌ನಲ್ಲಿ ವುಡ್‌ವರ್ಡ್ ಅವೆನ್ಯೂ ರಸ್ತೆಯಲ್ಲಿ ಹಳೆಯ ಕಾರುಗಳ ಜಾತ್ರೆಯೇ ನಡೆಯುತ್ತದೆ. ಭಾವನ ಹತ್ತಿರ 1980ರ ದಶಕದ ಒಂದು ಉದ್ದನೆಯ ಕಾರಿದೆ. 0ರಿಂದ 90 ಓಮ್ ಪದ್ಧತಿಯದು. ಅದರಲ್ಲಿ ಶಿಕಾಗೋಗೆ ಹೋಗಿಬರೋಣ ಎಂದು ಮಕ್ಕಳ ಹಟ. ಐ-94 ಹೆದ್ದಾರಿ ಹಿಡಿದರೆ ಕಲಮಜೂ ಮೇಲಾಗಿ ಸುಮಾರು 450 ಕಿಲೋಮೀಟರ್. ಆದರೆ ಮುಳ್ಳು ಅರ್ಧ ತೋರಿಸುತ್ತಿದ್ದರೂ ಬಂಕಿನಲ್ಲಿ ಟ್ಯಾಂಕು ಹೆಚ್ಚುಕಡಿಮೆ ಪೂರ್ತಿ ಪೆಟ್ರೋಲ್ ಕುಡಿಯುತ್ತಿತ್ತು. ತುಂಬಿಸಿದ ಮೇಲೆ ಮುಳ್ಳು ಭರ್ತಿ ಗೆರೆಯನ್ನೂ ದಾಟಿ ಪಕ್ಕಕ್ಕೆ ಒರಗುತ್ತಿತ್ತು.

"ಟ್ಯಾಂಕು ಇಳಿಸಿ ಸೆಂಡರು ಬದಲಿಸಬೇಕಂತೆ ಭಾವ, ಗ್ಯಾರೇಜಿನವನು ಆರುನೂರು ಡಾಲರ್ ಹೇಳಿದ್ದಾನೆ" ಎಂದರು ಅವರು.

"ದುಡ್ಡು ಕೊಡೋದು ಇದ್ದೇ ಇದೆ, ಮೊದಲು ಅಳೆದು ನೋಡೋಣ ಭಾವ" ಎಂದೆವು ನಾವು.

ಟ್ಯಾಂಕಿನ ಹತ್ತಿರದ ಜೋಡಣೆ ಬಿಚ್ಚಿ ಮಲ್ಟಿಮೀಟರು ಹಿಡಿದೆವು. ಸೆಂಡರಿನ ಎರಡು ತುದಿಗಳ ನಡುವೆ 4 ಓಮ್. ಟ್ಯಾಂಕು ಬಹುತೇಕ ಖಾಲಿಯಿತ್ತು, ಹಾಗಾಗಿ ಸೆಂಡರು ನಿಜವನ್ನೇ ಹೇಳುತ್ತಿತ್ತು. ಆಮೇಲೆ ಅರ್ಥ್ ವೈರಿನಿಂದ ಬ್ಯಾಟರಿಯ ಋಣ ತುದಿಗೆ ಅಳೆದರೆ 41 ಓಮ್. ಅಲ್ಲಿ 1 ಓಮ್ ಕೂಡ ಇರಬಾರದು. 4ಕ್ಕೆ 41 ಕೂಡಿಸಿದರೆ 45, ಅಂದರೆ 90ರ ಸರಿ ಅರ್ಧ. ಮುಳ್ಳು ಅರ್ಧದಲ್ಲಿ ನಿಂತಿದ್ದರ ಗುಟ್ಟು ಅಷ್ಟೇ. ತುಂಬಿಸಿದಾಗ 90ಕ್ಕೆ 41 ಸೇರಿ 131 ಆಗುವುದರಿಂದ ಮುಳ್ಳು ಗೆರೆ ದಾಟುತ್ತಿತ್ತು. ಚಾಸಿಗೆ ಬಿಗಿದಿದ್ದ ಅರ್ಥ್ ವೈರಿನ ಬಳೆ ತುಕ್ಕು ಹಿಡಿದು ಹಸಿರಾಗಿತ್ತು. ಮರಳು ಕಾಗದದಿಂದ ಕಬ್ಬಿಣ ಹೊಳೆಯುವಷ್ಟು ಉಜ್ಜಿ, ವೈರಿಗೆ ಹೊಸ ಬಳೆ ಹಾಕಿ, ಬಿಗಿದು, ಮೇಲೆ ಗ್ರೀಸು ಸವರಿದೆವು. ಮುಳ್ಳು ಖಾಲಿಯ ಹತ್ತಿರ ಇಳಿಯಿತು. ಟ್ಯಾಂಕು ಇಳಿಸುವ ಮಾತೇ ಬರಲಿಲ್ಲ.

ತುಕ್ಕಿಗೆ ಕಾರಣ ಉಪ್ಪು. ಆ ಸೀಮೆಯಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಕಲ್ಲುಪ್ಪು ಎರಚುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೆ, ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಉಪ್ಪಿನ ಗಣಿಯೇ ಇದೆ. ಉಪ್ಪುನೀರು ಗಾಡಿಯ ತಳಕ್ಕೆ ಸಿಡಿದು ಮೊದಲು ತಿನ್ನುವುದು ಇಂಥ ಅರ್ಥ್ ಜೋಡಣೆಗಳನ್ನು. ನಮ್ಮ ಕಡಲತೀರದ ಊರುಗಳಲ್ಲಿ ಉಪ್ಪುಗಾಳಿ ಮಾಡುವ ಕೆಲಸವೂ ಇದೇ. ಆದ್ದರಿಂದ ಅಮೆರಿಕದಿಂದ ಬಂದ ಗಾಡಿ ಮೇಲೆ ಎಷ್ಟೇ ಮಿರುಗಲಿ, ಲಿಫ್ಟಿಗೆ ಏರಿಸಿ ತಳ ನೋಡದೆ ಕೊಳ್ಳಬಾರದು. ಒಂದು ಮಾತು ನೆನಪಿರಲಿ: ಅರ್ಥ್ ಕೆಟ್ಟರೆ ಫೋರ್ಡ್ ಪದ್ಧತಿಯಲ್ಲಿ ಮುಳ್ಳು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಬಂಕಿಗೆ ಬೇಗ ಹೋಗುತ್ತೀರಿ ಅಷ್ಟೆ. ಜಿ.ಎಂ. ಪದ್ಧತಿಯಲ್ಲಿ ಹೆಚ್ಚು ತೋರಿಸಿ ದಾರಿಯ ನಡುವೆ ನಿಲ್ಲಿಸುತ್ತದೆ.

ಎರಡು ಮುಳ್ಳು ಒಟ್ಟಿಗೆ ತಪ್ಪಿದರೆ

ಪೆಟ್ರೋಲ್ ಮುಳ್ಳೊಂದೇ ತಪ್ಪಿದರೆ ಪೆಟ್ರೋಲಿನ ದಾರಿ ಹಿಡಿದು ಹುಡುಕಿ. ಪೆಟ್ರೋಲ್ ಮತ್ತು ಟೆಂಪರೇಚರ್ ಎರಡೂ ಒಂದೇ ದಿನ ಮೇಲೇರಿದರೆ ಅಥವಾ ಎರಡೂ ಸತ್ತರೆ ಎರಡಕ್ಕೂ ಸಮಾನವಾದದ್ದನ್ನು ಹುಡುಕಿ. ಒಂದೇ ವಾರ್ಡಿನ ಹತ್ತು ರೋಗಿಗಳಿಗೆ ಒಟ್ಟಿಗೆ ರಕ್ತದೊತ್ತಡ ಏರಿತು ಎಂದು ವರದಿ ಬಂದರೆ ನಾವು ಮೊದಲು ನೋಡುವುದು ಬಿ.ಪಿ. ಯಂತ್ರವನ್ನು. ಹಾಗೆಯೇ ಇಲ್ಲೂ.

1956ರಿಂದ ಹಲವು ವರ್ಷಗಳ ಕಾಲ ಫೋರ್ಡ್ ಕಾರುಗಳಲ್ಲಿ ಮೀಟರುಗಳ ಹಿಂದೆ ಒಂದು ಪುಟ್ಟ ಡಬ್ಬಿ ಇರುತ್ತಿತ್ತು. ಅದು ಬ್ಯಾಟರಿಯ 12 ವೋಲ್ಟನ್ನು ಕಡಿದು ಕಡಿದು ಸರಾಸರಿ 5 ವೋಲ್ಟಿಗೆ ಇಳಿಸಿ ಮೀಟರಿಗೆ ಕೊಡುತ್ತದೆ. ಅದರ ಒಳಗಿನ ತುದಿ ಅಂಟಿಕೊಂಡರೆ ಎಲ್ಲ ಮುಳ್ಳುಗಳೂ ಮೇಲೇರುತ್ತವೆ. ತುದಿ ಸುಟ್ಟರೆ ಎಲ್ಲವೂ ಮಲಗುತ್ತವೆ. ಅಂಥ ಮೀಟರಿಗೆ ನೇರ 12 ವೋಲ್ಟು ಕೊಟ್ಟು ಪರೀಕ್ಷಿಸಿದರೆ ಒಳಗಿನ ಸುರುಳಿ ಸುಟ್ಟುಹೋಗುತ್ತದೆ. ಎಲ್ಲಕ್ಕಿಂತ ಮೊದಲು ಬ್ಯಾಟರಿ ವೋಲ್ಟೇಜು ನೋಡಿ: ನಿಂತ ಗಾಡಿಯಲ್ಲಿ ಸುಮಾರು 12.6, ಎಂಜಿನ್ ಓಡುವಾಗ 13.8ರಿಂದ 14.5. ಅದೇ ಸರಿಯಿಲ್ಲದಿದ್ದರೆ ಮೀಟರುಗಳನ್ನು ಬೈದು ಪ್ರಯೋಜನವಿಲ್ಲ. ಆಮೇಲೆ ಫ್ಯೂಸು, ಆಮೇಲೆ ಅರ್ಥ್.

2003ರಿಂದ 2006ರ ನಡುವಿನ ಜಿ.ಎಂ. ಟ್ರಕ್ಕು, ದೊಡ್ಡ ಗಾಡಿಗಳ ಕಥೆ ಬೇರೆ. ಇವುಗಳ ಮುಳ್ಳನ್ನು ತಿರುಗಿಸುವುದು ಸಣ್ಣ ಸ್ಟೆಪ್ಪರ್ ಮೋಟಾರು. ಅವು ಸವೆದು ಗಾಡಿ ನಿಂತಾಗಲೂ ಸ್ಪೀಡೋಮೀಟರು 40 ಮೈಲಿ ತೋರಿಸುವುದು, ಮುಳ್ಳು ಸಿಕ್ಕಿಕೊಳ್ಳುವುದು, ತಲೆಕೆಳಗಾಗಿ ತಿರುಗುವುದು ಹೆಸರಾದ ಕಾಯಿಲೆ. ಇಲ್ಲಿ ಸೆಂಡರು ಬದಲಿಸಿ ಹಣ ಕಳೆಯಬೇಡಿ. ಸ್ಕ್ಯಾನರಿನಲ್ಲಿ ಕಂಪ್ಯೂಟರು ಸರಿಯಾದ ಲೆಕ್ಕ ತೋರಿಸುತ್ತಿದ್ದು ಮುಳ್ಳು ಮಾತ್ರ ತಪ್ಪಿದ್ದರೆ ಮೋಟಾರೇ ಕೆಟ್ಟಿದೆ. ಬೆಸುಗೆ ಹಾಕಬಲ್ಲ ಎಲೆಕ್ಟ್ರಾನಿಕ್ಸ್ ರಿಪೇರಿಯವನು ಹೊಸ ಮೋಟಾರು ಕೂರಿಸುತ್ತಾನೆ. ಒಂದು ಕೆಟ್ಟಿದ್ದರೆ ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ಲಾಭ. ಹಳೆಯ ಗಾಡಿಯಿಂದ ಕಿತ್ತ ಇಡೀ ಮೀಟರ್ ಫಲಕ ಅಗ್ಗಕ್ಕೆ ಸಿಗುತ್ತದೆ ಎಂದು ಹಾಕಿಸಿದರೆ ಅದರ ಜೊತೆ ಆ ಗಾಡಿ ಓಡಿದ ಲೆಕ್ಕವೂ ಬರುತ್ತದೆ. ಓಡಿದ ಲೆಕ್ಕ ತಿದ್ದುವುದು ಅಮೆರಿಕದಲ್ಲಿ 1972ರ ಕೇಂದ್ರ ಕಾನೂನಿನ ಪ್ರಕಾರ ಅಪರಾಧ.

ಟೆಂಪರೇಚರ್ ಮುಳ್ಳು

ನಮ್ಮ ಸೀಮೆಯಲ್ಲಿ ಪ್ರಾಣ ಹಿಂಡುವುದು ಇದೇ. ಎಂಜಿನ್ನಿನ ನೀರಿನ ದಾರಿಯಲ್ಲಿ ಕೂತ ಸೆಂಡರಿನ ರೋಧ ತಣ್ಣಗಿದ್ದಾಗ ಹೆಚ್ಚು, ಬಿಸಿಯಾದಂತೆ ಕಡಿಮೆ. ಹಳೆಯ ಕಾರಿನಲ್ಲಿ ವೈರು ಕಳಚಿದರೆ ಮುಳ್ಳು ತಣ್ಣಗೆ ಮಲಗುತ್ತದೆ, ವೈರಿನ ಮೈ ಸುಲಿದು ಕಬ್ಬಿಣಕ್ಕೆ ತಾಗಿದರೆ ಕೆಂಪಿಗೆ ಏರುತ್ತದೆ. ಕೀಲಿ ತಿರುಗಿಸಿದ ಕ್ಷಣವೇ ತಣ್ಣನೆಯ ಎಂಜಿನ್ನಿನಲ್ಲಿ ಮುಳ್ಳು ಕೆಂಪಿಗೆ ಹಾರಿದರೆ ಅದು ಜ್ವರವಲ್ಲ, ಥರ್ಮಾಮೀಟರಿನ ದೋಷ.

ಹೆಚ್ಚು ಅಪಾಯದ್ದು ಇನ್ನೊಂದು. ನೀರು ಸೋರಿ ಮಟ್ಟ ಇಳಿದರೆ ಸೆಂಡರು ನೀರಿನಿಂದ ಹೊರಗೆ ಉಳಿಯುತ್ತದೆ. ಏರಿದ್ದ ಮುಳ್ಳು ಆಗ ಇದ್ದಕ್ಕಿದ್ದಂತೆ ಇಳಿಯಬಹುದು. ಸದ್ಯ ತಣ್ಣಗಾಯಿತು ಎಂದು ಓಡಿಸಿದರೆ ಎಂಜಿನ್ ಹೆಡ್ ಬಾಗುತ್ತದೆ. ಏರಿದ ಮುಳ್ಳು ಕಾರಣವಿಲ್ಲದೆ ಬಿದ್ದರೆ, ಎ.ಸಿ. ಬಿಸಿಗಾಳಿ ಊದತೊಡಗಿದರೆ, ಸಿಹಿ ವಾಸನೆ ಬಂದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಅಮೆರಿಕದ ಗಾಡಿಗಳಲ್ಲಿ ಮುಳ್ಳು 210ರಲ್ಲಿ ನಿಂತರೆ ಕೆಲವರು ಹೆದರುತ್ತಾರೆ. ಅದು ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸುಮಾರು 99 ಡಿಗ್ರಿ ಸೆಲ್ಸಿಯಸ್. ಥರ್ಮೋಸ್ಟಾಟ್ ಸಾಮಾನ್ಯವಾಗಿ ತೆರೆಯುವುದೇ 195ಕ್ಕೆ, ಅಂದರೆ 90ರ ಆಸುಪಾಸಿನಲ್ಲಿ. ಕೂಲಂಟ್ ಅರ್ಧ, ನೀರು ಅರ್ಧ ಇದ್ದು ಮುಚ್ಚಳದ ಒತ್ತಡ ಸರಿಯಿದ್ದರೆ ಕುದಿಯಲು 125 ಡಿಗ್ರಿಗೂ ಹೆಚ್ಚು ಬೇಕು. ಬರೀ ನಲ್ಲಿ ನೀರು ತುಂಬಿಸಿದವರಿಗೆ ಈ ರಕ್ಷಣೆ ಇಲ್ಲ. ಇನ್ನು ಶಿಕಾಗೋದ ಚಳಿಯಲ್ಲಿ ಮುಳ್ಳು ಮೇಲೇಳದಿದ್ದರೆ ಮೀಟರನ್ನು ದೂರುವ ಮೊದಲು ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆಯೇ ನೋಡುತ್ತಾರೆ. ಆಗ ಮುಳ್ಳು ಹೇಳುತ್ತಿರುವುದು ಸತ್ಯ. ಎಂಜಿನ್ ನಿಜವಾಗಿಯೂ ತಣ್ಣಗಿರುತ್ತದೆ.

ಎರಡನೆಯ ಸಾಕ್ಷಿಗೆ ದೊಡ್ಡ ಖರ್ಚಿಲ್ಲ. ಅಮೆರಿಕದಲ್ಲಿ ಮಾರಿದ 1996ರ ನಂತರದ ಕಾರುಗಳಲ್ಲೆಲ್ಲ ಸ್ಟೀರಿಂಗಿನ ಕೆಳಗೆ ಓಬಿಡಿ ಜೋಡಣೆ ಇರುತ್ತದೆ. ಅದಕ್ಕೆ ಹಾಕುವ ಬ್ಲೂಟೂತ್ ಬಿಲ್ಲೆ ಕೊಂಡರೆ ಕಂಪ್ಯೂಟರು ಅಳೆದ ನೀರಿನ ಶಾಖ ಮೊಬೈಲಿನಲ್ಲೇ ಕಾಣುತ್ತದೆ. ಹಲವು ಕಾರುಗಳಲ್ಲಿ ಮುಳ್ಳು ದೊಡ್ಡ ಅಂತರದವರೆಗೆ ನಡುವಿನಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಸಂಖ್ಯೆ ಮಾತ್ರ ನಿಜದ ಏರಿಳಿತ ತೋರಿಸುತ್ತದೆ.

ಎಣ್ಣೆಯ ಒತ್ತಡದ ವಿಷಯದಲ್ಲಿ ನಿಯಮ ಒಂದೇ. ಮುಳ್ಳು ಬಿದ್ದರೆ ಅಥವಾ ಕೆಂಪು ದೀಪ ಹತ್ತಿದರೆ ಮೊದಲು ಎಂಜಿನ್ ಆರಿಸಿ, ಆಮೇಲೆ ಮೀಟರು ಕೆಟ್ಟಿದೆಯೇ ಎಂದು ಯೋಚಿಸಿ. ಎಣ್ಣೆಯ ಮಟ್ಟ ಕಡ್ಡಿಯಿಂದ ನೋಡಿ, ಗ್ಯಾರೇಜಿನಲ್ಲಿ ಕೈಮೀಟರು ಹಾಕಿಸಿ ಒತ್ತಡ ಅಳೆಸಿ. ಸೆಂಡರು ಬದಲಿಸುವುದು ಆ ಅಳತೆ ಸರಿ ಬಂದ ನಂತರ.

ವೇಗದ ಮುಳ್ಳು

ಹಳೆಯ ಸ್ಪೀಡೋಮೀಟರಿನಲ್ಲಿ ಗೇರ್‌ಬಾಕ್ಸಿನಿಂದ ಬಂದ ಕೇಬಲ್ಲು ಒಂದು ಅಯಸ್ಕಾಂತವನ್ನು ತಿರುಗಿಸುತ್ತದೆ, ಅಯಸ್ಕಾಂತ ಸುತ್ತಲಿನ ಲೋಹದ ಬಟ್ಟಲನ್ನು ಎಳೆಯುತ್ತದೆ, ಕೂದಲೆಳೆಯ ಸ್ಪ್ರಿಂಗು ಅದನ್ನು ತಡೆಯುತ್ತದೆ. ಮುಳ್ಳು ಕುಣಿಯುತ್ತಿದ್ದರೆ ಕೇಬಲ್ಲು ಒಣಗಿದೆ ಅಥವಾ ಮಡಿಚಿದೆ. ಎಲ್ಲ ವೇಗದಲ್ಲೂ ಒಂದೇ ಪ್ರಮಾಣದಲ್ಲಿ ತಪ್ಪಿದ್ದರೆ ಟಯರಿನ ಅಳತೆ ನೋಡಿ. ಚಿಕ್ಕ ಪಟ್ಟಿ ಕಟ್ಟಿದರೆ ಬಿ.ಪಿ. ಹೆಚ್ಚು ತೋರುವಂತೆ, ಚಿಕ್ಕ ಟಯರು ವೇಗವನ್ನು ಹೆಚ್ಚು ತೋರಿಸುತ್ತದೆ, ದೊಡ್ಡ ಟಯರು ಕಡಿಮೆ. 245/75 ಆರ್16 ಇದ್ದ ಗಾಡಿಗೆ ಚಂದಕ್ಕೆಂದು 265/75 ಆರ್16 ಹಾಕಿಸಿದರೆ ಚಕ್ರದ ವ್ಯಾಸ 774 ಮಿಲಿಮೀಟರಿನಿಂದ 804ಕ್ಕೆ ಏರುತ್ತದೆ. ಮುಳ್ಳು 140 ತೋರಿಸುವಾಗ ಗಾಡಿ 145ರಲ್ಲಿ ಓಡುತ್ತಿರುತ್ತದೆ. 2018ರ ಆಗಸ್ಟ್‌ನಿಂದ ಅಬುಧಾಬಿಯ ಕ್ಯಾಮೆರಾಗಳಲ್ಲಿ ರಿಯಾಯಿತಿ ಇಲ್ಲ. ದಂಡದ ಚೀಟಿ ಬಂದಾಗ ಟಯರಿನ ಕಥೆ ಯಾರೂ ಕೇಳುವುದಿಲ್ಲ.

ಪರೀಕ್ಷೆಗೆ ಮೊಬೈಲಿನ ಜಿಪಿಎಸ್ ಸಾಕು: ನೇರ ರಸ್ತೆಯಲ್ಲಿ ಒಂದೇ ವೇಗದಲ್ಲಿ ಓಡಿಸಿ, ಪಕ್ಕದಲ್ಲಿ ಕೂತವರು ಓದಲಿ. ಐ-94ರಲ್ಲಿ ಭಾವನ ಮಕ್ಕಳು ಇನ್ನೂ ಹಳೆಯ ಉಪಾಯ ಮಾಡಿದರು. ರಸ್ತೆ ಬದಿಯ ಒಂದು ಮೈಲಿಗಲ್ಲಿನಿಂದ ಮುಂದಿನದಕ್ಕೆ ಎಷ್ಟು ಸೆಕೆಂಡು ಎಂದು ಎಣಿಸಿ 3600ನ್ನು ಅದರಿಂದ ಭಾಗಿಸುವುದು. 60 ಸೆಕೆಂಡು ಹಿಡಿದರೆ ಗಂಟೆಗೆ 60 ಮೈಲಿ. ಕಿಲೋಮೀಟರ್ ಕಲ್ಲಿಗೂ ಇದೇ ಲೆಕ್ಕ.

ಕೊಳ್ಳುವ ಮುನ್ನ ಹದಿನೈದು ನಿಮಿಷ

ಮಿಶಿಗನ್‌ನಲ್ಲಿ ಕಾರಿಗೆ ವಾರ್ಷಿಕ ತಪಾಸಣೆ ಇಲ್ಲ. ಶಿಕಾಗೋ ಭಾಗದ ಹೊಗೆ ಪರೀಕ್ಷೆ ಮೀಟರಿನ ಮುಳ್ಳನ್ನು ನೋಡುವುದಿಲ್ಲ. ಆದ್ದರಿಂದ ಅಲ್ಲಿಂದ ಬಂದ ಗಾಡಿಯ ಮೀಟರನ್ನು ನಿಮಗಿಂತ ಮೊದಲು ಯಾರೂ ಪರೀಕ್ಷಿಸದೆ ಇರಬಹುದು. ಮಾರುವವನಿಗೆ ಮೊದಲೇ ಹೇಳಿ, ನಾವು ಬರುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಡಿ. ಬಿಸಿಯಿದ್ದರೆ ಇನ್ನೊಂದು ದಿನ ಬನ್ನಿ.

ಕೀಲಿಯನ್ನು ಆನ್‌ಗೆ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಎಣ್ಣೆ, ಬ್ಯಾಟರಿ, ಎಂಜಿನ್ ದೀಪಗಳು ಹತ್ತಬೇಕು. ಹತ್ತದ ದೀಪ ಆರೋಗ್ಯದ ಲಕ್ಷಣವಲ್ಲ. ಯಾರೋ ಬಲ್ಬು ಕಿತ್ತಿರಬಹುದು. ಟೆಂಪರೇಚರ್ ಮುಳ್ಳು ತಣ್ಣನೆಯ ತುದಿಯಲ್ಲಿರಬೇಕು. ಸ್ಟಾರ್ಟ್ ಮಾಡಿ: ಎಣ್ಣೆ ಮತ್ತು ಬ್ಯಾಟರಿ ದೀಪ ಕೆಲವೇ ಸೆಕೆಂಡಿನಲ್ಲಿ ಆರಬೇಕು, ಟೆಂಪರೇಚರ್ ಮುಳ್ಳು ನಿಧಾನ ಏರಿ ನಡುವಿನಲ್ಲಿ ನೆಲೆಸಬೇಕು. ಹತ್ತಿರದ ಬಂಕಿಗೆ ಓಡಿಸಿ ಹತ್ತು ಲೀಟರ್ ಹಾಕಿಸಿ, ಮುಳ್ಳು ಅದಕ್ಕೆ ತಕ್ಕಷ್ಟು ಏರಿತೇ ನೋಡಿ. ಓಡಿದ ಮೈಲಿಯನ್ನು 1.609ರಿಂದ ಗುಣಿಸಿ, 1,20,000 ಎಂದು ಕಂಡದ್ದು ನಿಜದಲ್ಲಿ ಸುಮಾರು 1,93,000 ಕಿಲೋಮೀಟರ್.

ಕೊಂಡ ಮೇಲೆ ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಒಂದು ಪುಟ್ಟ ಪುಸ್ತಕ, ಪೆನ್ನು ಇಡಿ. ಪ್ರತಿ ಸಲ ಟ್ಯಾಂಕು ತುಂಬಿಸಿದಾಗ ಟ್ರಿಪ್ ಮೀಟರನ್ನು ಸೊನ್ನೆಗೆ ತಂದು ಲೀಟರನ್ನೂ ಓಡಿದ ದೂರವನ್ನೂ ಬರೆಯಿರಿ. ನಾಲ್ಕು ಸಲ ಬರೆದರೆ ನಿಮ್ಮ ಗಾಡಿ ಒಂದು ಟ್ಯಾಂಕಿನಲ್ಲಿ ಎಷ್ಟು ದೂರ ಹೋಗುತ್ತದೆ ಎಂಬುದು ಮುಳ್ಳಿನ ಹಂಗಿಲ್ಲದೆ ತಿಳಿಯುತ್ತದೆ. ಸಲಾಲಾದ ಮರಳುಗಾಡಿನ ದಾರಿಯಲ್ಲಿ ಮುಂದಿನ ಬಂಕು ದೂರವಿದ್ದಾಗ, ಹಿಂದಿನ ಸೀಟಿನಲ್ಲಿ ಮಕ್ಕಳು ಮಲಗಿದ್ದಾಗ, ಆ ಪುಸ್ತಕದ ನಾಲ್ಕು ಸಾಲುಗಳನ್ನು ಧೈರ್ಯವಾಗಿ ನಂಬಬಹುದು.